ಕರೆ ಕಟ್ಟಿದ ಹಾಡಿ

“ಒಳಗೆ ಹೋಗುವುದಾದರೆ ಹೋಗಿ ಪೊರ್ಬುಗಳೇ. ಆದರೆ ಹಾಡಿಯ ಒಳಗೆ ನಿಂತು ಯಾರನ್ನೂ ಹೆಸರು ಹಿಡಿದು ಕರೆಯಬೇಡಿ. ಕರೆದರೆ ಆ ಮನುಷ್ಯನಿಗೆ ಮತ್ತೆ ನಿಮ್ಮ ಸ್ವರ ಕೇಳುವುದಿಲ್ಲ. ಸಾಯುವವರೆಗೂ ಕೇಳುವುದಿಲ್ಲ.”

ಮುದುಕ ಕೂಸಪ್ಪ ಇದನ್ನು ಹೇಳಿದ್ದು ಗುಡ್ಡೆಯ ತಲೆಯಲ್ಲಿ, ಮರಗಳ ಅಂಚಿನಿಂದ ಇಪ್ಪತ್ತು ಹೆಜ್ಜೆ ದೂರ ನಿಂತು. ಅವನ ಜೊತೆಗಿದ್ದ ಆರು ಮಂದಿ ಆಳುಗಳು ಹಾರೆ ಪಿಕ್ಕಾಸುಗಳನ್ನು ಕೆಳಗಿಟ್ಟು ಬೇರೆ ಕಡೆ ನೋಡುತ್ತಿದ್ದರು. ಕಜೆಟನ್ ನಕ್ಕುಬಿಟ್ಟ. ಮೂವತ್ತು ಮೈಲಿ ಆಚೆಗಿನ ಸ್ವರವನ್ನು ತಂತಿಯ ಮೇಲೆ ತಂದು ಕಿವಿಗೆ ಮುಟ್ಟಿಸುವುದೇ ತನ್ನ ಹೊಟ್ಟೆಪಾಡು, ತನಗೇ ಈ ಕತೆಯೇ ಎಂದು ಕೇಳಿದ.

ಅದು ಸಾವಿರದ ಒಂಬೈನೂರ ಐವತ್ತೊಂಬತ್ತರ ಫೆಬ್ರವರಿ. ಕಾರ್ಕಳದಿಂದ ಹೆಬ್ರಿಗೆ ಟೆಲಿಫೋನ್ ತಂತಿ ಎಳೆಯುವ ಕೆಲಸ ನಡೆದಿತ್ತು. ಅದರ ಮೇಲ್ವಿಚಾರಣೆಗೆ ಬಂದವನು ಕಜೆಟನ್. ಊರವರು ಪೊರ್ಬುಗಳೆಂದು ಕರೆಯುವ ಕ್ರೈಸ್ತರವನು, ಹುಟ್ಟಿದ್ದು ಹೂಡೆಯ ಕಡೆ, ಹೊಳೆಯ ದಡದಲ್ಲಿ. ಆದರೆ ಹನ್ನೆರಡು ವರ್ಷ ಮದರಾಸಿನಲ್ಲಿ ಕೆಲಸ ಮಾಡಿ ಊರಿನ ಮಾತೇ ಅರ್ಧ ಮರೆತಿದ್ದ. ಹೆಂಡತಿ ಅಪೊಲೋನಿಯಾಳೊಂದಿಗೆ ಕುಕ್ಕುಂದೂರಿನಲ್ಲಿ ಬಾಡಿಗೆ ಮನೆ ಹಿಡಿದು ಎರಡು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಪರಿಚಯದವರೂ ಇರಲಿಲ್ಲ. ಸಂಜೆ ಅವನು ಬರುವವರೆಗೆ ಆಕೆ ಒಬ್ಬಳೇ ಜಗಲಿಯಲ್ಲಿ ಕುಳಿತಿರುತ್ತಿದ್ದಳು.

ಗುಡ್ಡೆಯೆಂದರೆ ಬರಿಯ ಮುರಕಲ್ಲು. ಹುಲ್ಲು ಕೂಡ ಒಣಗಿ ಕೆಂಪಾಗಿತ್ತು. ಆ ಬೋಳು ಕಲ್ಲಿನ ತಲೆಯ ಮೇಲೆ ಮಾತ್ರ, ಯಾರೋ ತಂದು ಇಟ್ಟ ಹಾಗೆ, ಎರಡೋ ಮೂರೋ ಎಕರೆಯ ಒಂದು ಹಾಡಿ. ಮತ್ತಿ, ಹೊನ್ನೆ, ನೇರಳೆ, ಕಾಸರಕ; ಒಂದರ ಕೊಂಬೆ ಇನ್ನೊಂದರೊಳಗೆ ಹೊಕ್ಕು, ಮೇಲಿಂದ ಬಳ್ಳಿ ಹೆಣೆದು, ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕತ್ತಲೆ. ತಂತಿಯ ಕಂಬಗಳು ಗುಡ್ಡೆ ಹತ್ತಿ ಬಂದು ಆ ಕತ್ತಲೆಯ ಎದುರು ನಿಂತುಬಿಟ್ಟಿದ್ದವು.

ಕೂಸಪ್ಪ ಕತೆಯನ್ನು ಪೂರ್ತಿ ಹೇಳಿದ. ಅವನ ಅಪ್ಪನ ಕಾಲದಲ್ಲಿ ಗುಡ್ಡೆಯ ಬುಡದಲ್ಲಿ ಒಬ್ಬ ಮಂತ್ರವಾದಿಯಿದ್ದ. ಅವನು ಹೆಬ್ರಿಗೆ ಹೋಗಿದ್ದಾಗ ಅವನ ಒಬ್ಬಳೇ ಮಗಳು ಕಮಲ ತರಗೆಲೆ ಒಟ್ಟುಮಾಡಲು ಹಾಡಿಗೆ ಹೋಗಿ ಹಳೆಯ ಕಲ್ಲುಹೊಂಡಕ್ಕೆ ಬಿದ್ದಳು. ಕಾಲು ಮುರಿದಿತ್ತು. ಎರಡು ದಿನ ಕರೆದಳಂತೆ. ಊರಿನ ಒಂದೊಂದು ಮನೆಯ ಹೆಸರು ಹೇಳಿ, ಒಬ್ಬೊಬ್ಬರ ಹೆಸರು ಹೇಳಿ ಕರೆದಳಂತೆ. ಕೆಳಗೆ ಎಲ್ಲರಿಗೂ ಕೇಳಿತ್ತು. ಇದು ಮನುಷ್ಯರ ಸ್ವರವಲ್ಲ, ಸತ್ತವರ ಕುಲೆ ಕರೆಯುತ್ತಿದೆ ಎಂದು ಎಲ್ಲರೂ ಬಾಗಿಲು ಹಾಕಿಕೊಂಡರು. ಮೂರನೆಯ ದಿನ ಕರೆ ನಿಂತಿತು. ಹಿಂತಿರುಗಿದ ಮಂತ್ರವಾದಿ ಯಾರೊಂದಿಗೂ ಜಗಳವಾಡಲಿಲ್ಲ. ಮಗಳನ್ನು ಸುಟ್ಟು ಬಂದವನು ಊರಿನ ಮನೆಗಳನ್ನು ಎಣಿಸಿ ಅಷ್ಟು ಕಿವಿಗಳನ್ನು ಆವೆಮಣ್ಣಿನಲ್ಲಿ ಮಾಡಿದ. ಕೇಳಿಸಿಕೊಂಡೂ ಬಾರದ ಕಿವಿಗೆ ಇಲ್ಲಿಂದ ಕರೆದವರ ಸ್ವರ ಇನ್ನು ಮೇಲೆ ಕೇಳುವುದೇ ಬೇಡ ಎಂದು ಹೇಳಿ ಒಂದೊಂದಕ್ಕೂ ಕಬ್ಬಿಣದ ಮೊಳೆ ಹೊಡೆದು ಹಾಡಿಯಲ್ಲಿ ಹೂತ. ಅದೇ ವರ್ಷ ಸತ್ತ.

“ನನ್ನ ಅಪ್ಪನನ್ನೂ ಕರೆದಿದ್ದಳು,” ಎಂದ ಕೂಸಪ್ಪ.

ಆಳುಗಳು ಒಳಗೆ ಬರುವುದಿಲ್ಲವೆಂದರು. ಹಾಗಾದರೆ ಗುಂಡಿ ತಾನೇ ತೋಡುತ್ತೇನೆ ಎಂದು ಕಜೆಟನ್ ಹಾರೆ ಹಿಡಿದು ಒಳಗೆ ನಡೆದ. ಹತ್ತು ಹೆಜ್ಜೆಗೆ ಬಿಸಿಲು ಹಿಂದೆ ಉಳಿಯಿತು. ಕೊಳೆತ ಎಲೆಯ ವಾಸನೆ, ಬಾವಲಿಗಳ ಹೇಸಿಗೆಯ ವಾಸನೆ, ಅದರ ಅಡಿಯಲ್ಲಿ ಇನ್ನೊಂದು, ಮುಚ್ಚಿಟ್ಟ ಕೋಣೆಯಂಥ ವಾಸನೆ. ಹೊರಗೆ ಆಳುಗಳು ಕೆಮ್ಮಿದ್ದೂ ಕೇಳಿಸಲಿಲ್ಲ. ಎರಡು ಅಡಿ ತೋಡುವಷ್ಟರಲ್ಲಿ ಹಾರೆ ಒಂದು ಮಡಕೆಗೆ ತಾಗಿ ಟಪ್ಪೆಂದಿತು. ಚೂರುಗಳ ನಡುವೆ ಸುಟ್ಟ ಮಣ್ಣಿನ ಕಿವಿಗಳಿದ್ದವು. ಅಂಗೈಯಷ್ಟು ಚಿಕ್ಕವು. ಪ್ರತಿಯೊಂದರ ತೂತಿನಲ್ಲೂ ತುಕ್ಕು ಹಿಡಿದ ಮೊಳೆ.

ಅವನಿಗೆ ಮೈ ಒಮ್ಮೆ ಜುಮ್ಮೆಂದದ್ದು ಹೌದು. ಅದಕ್ಕೇ ಸಿಟ್ಟೂ ಬಂತು. ಕಾಲಿನಿಂದ ಅವನ್ನು ಬದಿಗೆ ಒದ್ದು, ಸೊಂಟಕ್ಕೆ ಕೈಕೊಟ್ಟು ನಿಂತು, ನಗುತ್ತಾ ಮೂರು ಸಲ ಕರೆದ: “ಕೂಸಪ್ಪಾ. ಓ ಕೂಸಪ್ಪಾ. ಕೂಸಪ್ಪಾ.”

ಹೊರಗೆ ಬಂದಾಗ ಆಳುಗಳೆಲ್ಲ ಅವನನ್ನೇ ನೋಡುತ್ತಿದ್ದರು. ಅವರಿಗೆ ಕರೆ ಕೇಳಿಸಿತ್ತು. ಕೂಸಪ್ಪ ಮಾತ್ರ ಗುಡ್ಡೆಯ ಕೆಳಗಿನ ಗದ್ದೆಗಳ ಕಡೆ ಮುಖಮಾಡಿ ನಿಂತಿದ್ದ. ಕಜೆಟನ್ ಹತ್ತಿರ ಹೋಗಿ, ನೋಡು, ಏನಾಯಿತು ಎಂದು ಕೇಳಿದ. ಕೂಸಪ್ಪ ತಿರುಗಿದ. ಅವನ ಕಣ್ಣು ಕಜೆಟನ್‌ನ ತುಟಿಯ ಮೇಲೆ ನಿಂತಿತು. ನಿಧಾನವಾಗಿ ಆ ಮುಖದ ಬಣ್ಣ ಇಳಿಯಿತು.

“ನಿಮ್ಮ ಬಾಯಿ ಆಡುತ್ತಾ ಉಂಟು ಪೊರ್ಬುಗಳೇ,” ಎಂದ. “ಸ್ವರ ಇಲ್ಲ.”

ಮುದುಕ ನಾಟಕ ಮಾಡುತ್ತಿದ್ದಾನೆ ಎಂದು ಕಜೆಟನ್ ಎರಡು ದಿನ ನಂಬಿದ್ದ. ಮೂರನೆಯ ದಿನ ಕೂಸಪ್ಪ ಮನೆಯ ಅಂಗಳಕ್ಕೆ ಬಂದು ಕೆಲಸ ಬಿಡುತ್ತೇನೆಂದು ಹೇಳಿದ. ಒಳಗಿನಿಂದ ಅಪೊಲೋನಿಯಾ ಮೆಲ್ಲಗೆ ನೀರು ಬೇಕಾ ಎಂದು ಕೇಳಿದ್ದಕ್ಕೆ ಕೂಡಲೇ ತಲೆಯಾಡಿಸಿದ. ಅವನ ಬೆನ್ನ ಹಿಂದೆಯೇ ನಿಂತು ಕಜೆಟನ್ ಗಂಟಲು ಹರಿಯುವ ಹಾಗೆ ಕೂಗಿದ. ಮುದುಕನ ಭುಜ ಕೂಡ ಅಲುಗಲಿಲ್ಲ. ಅವನು ನೀರು ಕುಡಿದು, ಚೆಂಬು ಮಗುಚಿಟ್ಟು, ನಡೆದುಹೋದ. ಯಾಕೆ ಕೂಗಿದಿರಿ ಎಂದು ಹೆಂಡತಿ ಕೇಳಿದಳು. ಅವನಿಗೆ ವಯಸ್ಸಾಗಿ ಕಿವಿ ಹೋಗಿದೆ ಎಂದು ಕಜೆಟನ್ ಹೇಳಿದ. ಹಾಡಿಯ ಸುದ್ದಿ ಎತ್ತಲೇ ಇಲ್ಲ. ಓದಿದವನು, ಇಲಾಖೆಯ ಮನುಷ್ಯ, ಹೆಂಡತಿಯ ಎದುರು ಇಂಥದನ್ನು ಹೇಗೆ ಹೇಳುವುದು?

ಆಮೇಲೆ ಊರೇ ಅವನಿಂದ ಸರಿಯತೊಡಗಿತು. ಅವನು ಬರುವುದು ಕಂಡರೆ ಜನ ಗದ್ದೆಯ ಬದುವಿಗೆ ಇಳಿದುಹೋಗುತ್ತಿದ್ದರು, ಎಲ್ಲಿ ಹೆಸರು ಕರೆದುಬಿಡುತ್ತಾನೋ ಎಂಬಂತೆ. ಅಂಗಡಿಯವನು ಸಾಮಾನು ಕಟ್ಟಿಕೊಟ್ಟು ತಲೆ ತಗ್ಗಿಸುತ್ತಿದ್ದ. ಆಳುಗಳು ಒಬ್ಬೊಬ್ಬರಾಗಿ ಬಿಟ್ಟರು. ಕಜೆಟನ್ ಕೂಡ ತನಗೆ ತಿಳಿಯದೆಯೇ ಮನೆಯಲ್ಲಿ ಹೆಂಡತಿಯ ಹೆಸರು ಕರೆಯುವುದನ್ನು ನಿಲ್ಲಿಸಿದ. ಮನೆಗೂ ಆ ಹಾಡಿಗೂ ಒಂದು ಮೈಲಿ ದೂರ. ಆದರೂ ನಾಲಿಗೆ ಏಳುತ್ತಿರಲಿಲ್ಲ. ಏನು ತಪ್ಪು ಮಾಡಿದೆನೆಂದು ಅವಳು ಒಮ್ಮೆ ಕೇಳಿದಳು. ಏನೂ ಇಲ್ಲ ಎಂದ.

ಮಾರ್ಚ್ ಮುಗಿಯುವುದರೊಳಗೆ ತಂತಿ ಹೆಬ್ರಿ ಮುಟ್ಟಬೇಕೆಂದು ಮೇಲಿನಿಂದ ಕಾಗದ ಬಂತು. ಬೇರೆ ಊರಿನ ಆಳುಗಳು ಹಾಡಿಯನ್ನು ಸುತ್ತುಹಾಕಿ ಕಂಬ ನೆಟ್ಟರು. ಅಂಚಿನ ಒಂದು ಮತ್ತಿಮರ ಮಾತ್ರ ತಂತಿಯ ಮೇಲೆ ವಾಲಿತ್ತು. ಅದನ್ನು ಕಡಿಯಲು ಅವರೂ ಒಪ್ಪಲಿಲ್ಲ. ಒಂದು ಶನಿವಾರ ಊಟ ಮುಗಿಸಿ ಕಜೆಟನ್ ಕೊಡಲಿ ಹಿಡಿದು ಒಬ್ಬನೇ ಗುಡ್ಡೆ ಹತ್ತಿದ. ಬಾಯಿ ತೆರೆಯುವುದಿಲ್ಲ, ಕಡಿದು ಇಳಿಯುತ್ತೇನೆ, ಇಷ್ಟೇ ಎಂದುಕೊಂಡಿದ್ದ.

ಮರ ಹೊರಗೆ ಬೀಳಬೇಕಿತ್ತು. ಒಳಗೆ ಬಿತ್ತು. ಬಳ್ಳಿಯೊಂದು ಎಳೆಯಿತೋ, ಬೇರೆ ಏನೋ. ಅವನು ಓಡಿದ್ದು ತಪ್ಪು ದಿಕ್ಕಿಗೆ. ಕಾಂಡ ಎಡತೊಡೆಯ ಮೇಲೆ ಬಂದು ಕೂತಾಗ ಎಲುಬು ಮುರಿದ ಶಬ್ದ ಮೊದಲು ಕೇಳಿತು, ನೋವು ಆಮೇಲೆ ಬಂತು.

ಎಷ್ಟು ಹೊತ್ತು ಹಾಗೆ ಬಿದ್ದಿದ್ದನೋ. ಎಚ್ಚರವಾದಾಗ ಎಲೆಗಳ ನಡುವಿನ ಬೆಳಕು ಹಳದಿಯಾಗಿತ್ತು. ಬಾಯಿಯಲ್ಲಿ ಮಣ್ಣು. ತೊಡೆಯ ಕೆಳಗೆ ಒದ್ದೆ. ಇರುವೆಗಳು ಬಂದಿದ್ದವು. ಹಕ್ಕಿಯಿಲ್ಲ, ಜೀರುಂಡೆಯಿಲ್ಲ. ಕೂಗಬೇಕು. ಯಾರನ್ನು? ಈ ಊರಿನಲ್ಲಿ ಅವನಿಗೆ ಎದೆಯಿಂದ ಬರುವ ಹೆಸರು ಒಂದೇ ಇತ್ತು. ಅದು ಗಂಟಲಿಗೆ ಬಂತು. ಹಲ್ಲು ಕಚ್ಚಿ ನುಂಗಿದ. “ಯಾರಾದರೂ ಬನ್ನಿ,” ಎಂದು ಮಾತ್ರ ಕೂಗಿದ. ಸ್ವರ ಎಲೆಗಳಲ್ಲಿ ಸಿಕ್ಕಿಕೊಂಡಂತೆ ಅಲ್ಲೇ ಸತ್ತಿತು.

ಆಗ ಯಾರೋ ಉತ್ತರಿಸಿದರು.

ಉತ್ತರವಲ್ಲ. ಕರೆ. ಮರಗಳ ಆಚೆಯಿಂದ ಒಬ್ಬ ಗಂಡಸು ನಗುತ್ತಾ ಕರೆಯುತ್ತಿದ್ದ. ಕೂಸಪ್ಪಾ. ಓ ಕೂಸಪ್ಪಾ. ಕಜೆಟನ್‌ಗೆ ಆ ಸ್ವರ ತನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಂಗಳ ಹಿಂದೆ ತಾನು ಕರೆದ ಕರೆ. ಅದು ಹೋಗಿರಲಿಲ್ಲ. ಮರದಿಂದ ಮರಕ್ಕೆ ಸುತ್ತುತ್ತಾ ಇಲ್ಲೇ ಇತ್ತು. ಅದರ ಹಿಂದೆ ಇನ್ನೊಂದು ಸ್ವರ. ಹೆಣ್ಣಿನದು. ತೆಳ್ಳಗೆ, ಒಣಗಿದ್ದು. ಅದು ಮನೆಗಳ ಹೆಸರು ಹೇಳುತ್ತಿತ್ತು. ಬೈಲುಮನೆ. ಕೆಳಗಿನಮನೆ. ಪಲ್ಕೆಮನೆ. ಪ್ರತಿ ಹೆಸರಿನ ನಂತರ ನಿಂತು ಕಾಯುತ್ತಿತ್ತು. ಮತ್ತೆ ಮುಂದಿನ ಹೆಸರು. ಪ್ರತಿ ಸಲವೂ ಒಂದು ಮರ ಹತ್ತಿರ. ಹಳದಿ ಬೆಳಕು ಬೂದಿಯಾಯಿತು. ಮುಚ್ಚಿಟ್ಟ ಕೋಣೆಯ ವಾಸನೆ ದಟ್ಟವಾಯಿತು. ಅವನು ಕಿವಿ ಮುಚ್ಚಿಕೊಂಡ. ಕೈಯ ಒಳಗೂ ಕೇಳಿತು. ಬೈಲುಮನೆ. ಈಗ ಕಾಂಡದ ಆಚೆ ಬದಿ. ಕೆಳಗಿನಮನೆ. ಈಗ ತಲೆಯ ಹತ್ತಿರ. ತರಗೆಲೆಯ ಮೇಲೆ ಏನೋ ತೆವಳಿತು. ಕಾಲಿಲ್ಲದ ಹಾಗೆ. ನಿಂತಿತು. ಕಾಯಿತು. ಅವನ ಕುತ್ತಿಗೆಗೆ ತಣ್ಣನೆ ಉಸಿರು ತಾಗಿತು.

“ಕೇಳಿತಾ?”

ಇದು ಬೇರೆ ಸ್ವರ. ಹೊರಗಿನದು, ಬದುಕಿರುವವರದು. ಅಪೊಲೋನಿಯಾ.

ಮದುವೆಯಾದ ಹನ್ನೊಂದು ವರ್ಷಗಳಿಂದ ಅವಳು ಗಂಡನನ್ನು ಹೆಸರು ಹಿಡಿಯದೆ ಹಾಗೆಯೇ ಕರೆಯುತ್ತಿದ್ದಳು, ಅವರ ಕಡೆಯ ಹೆಂಗಸರೆಲ್ಲರ ಹಾಗೆ. ಕೊಡಲಿ ಹಿಡಿದು ಗುಡ್ಡೆಗೆ ಹೋದವನು ಹೊತ್ತು ಇಳಿದರೂ ಬಾರದಿದ್ದಾಗ ಕೂಸಪ್ಪನ ಮನೆಗೆ ಓಡಿದ್ದಳು. ಕೂಸಪ್ಪ ದಾರಿಯುದ್ದಕ್ಕೂ ಅವಳಿಗೆ ಎಲ್ಲವನ್ನೂ ಹೇಳಿದ್ದ, ಹೆಸರು ಮಾತ್ರ ಹಿಡಿಯಬೇಡಿ ಬಾಯಮ್ಮ ಎಂದು ಮೂರು ಸಲ ಎಚ್ಚರಿಸಿದ್ದ. ಅವರ ಹೆಸರು ನನ್ನ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ ಎಂದು ಅವಳು ಹೇಳಿದ್ದಳಂತೆ. ಇದೆಲ್ಲ ಕಜೆಟನ್‌ಗೆ ಗೊತ್ತಾದದ್ದು ಆಮೇಲೆ.

“ಇಲ್ಲಿ,” ಎಂದ ಅವನು. “ಇಲ್ಲಿದ್ದೇನೆ.”

ಹೆಜ್ಜೆ ಓಡಿ ಬಂತು. ತೆವಳುವುದು ನಿಂತಿತು. ಕಂದೀಲಿನ ಬೆಳಕು ಕಾಂಡಗಳ ನಡುವೆ ತೂಗಾಡಿತು. ಅವಳು ಕಂಡಳು. ತಲೆಯ ಮೇಲಿನ ಸೆರಗು ಜಾರಿತ್ತು. ಕಂದೀಲನ್ನು ಎತ್ತಿ ಹಿಡಿದಳು. ಬೆಳಕು ಮೊದಲು ಅವನ ಮುಖದ ಮೇಲೆ ಬಿತ್ತು, ಆಮೇಲೆ ತೊಡೆಯ ಮೇಲೆ, ನೆತ್ತರಿನ ಮೇಲೆ. ಆಮೇಲೆ ಅವನ ತಲೆಯ ಹಿಂದೆ ಅವಳು ಏನನ್ನು ಕಂಡಳೋ. ಅವಳ ಕಣ್ಣು ಅಗಲವಾಯಿತು. ಬಾಯಿ ತೆರೆಯಿತು.

ತುಟಿಗಳು ಆಡಿದವು. ಒಮ್ಮೆ. ಎರಡು ಸಲ. ಮೂರು ಸಲ.

ಶಬ್ದವಿಲ್ಲ.

ಕಂದೀಲು ಕೆಳಗೆ ಬಿದ್ದ ಶಬ್ದ ಕೇಳಿತು. ಅವಳ ಕೈಬಳೆಯ ಶಬ್ದ ಕೇಳಿತು. ಮಂಡಿಯೂರಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡಾಗ ಅವಳ ಎದೆ ಬಡಿಯುವುದು ಕೂಡ ಕೇಳಿತು. ತಾನು ಅವಳ ಹೆಸರು ಕರೆಯಬಾರದೆಂದು ಇಡೀ ಮಧ್ಯಾಹ್ನ ನಾಲಿಗೆ ಕಚ್ಚಿಕೊಂಡವನಿಗೆ, ಅವಳು ತನ್ನ ಹೆಸರು ಕರೆದಾಳು ಎಂಬುದು ಹೊಳೆದೇ ಇರಲಿಲ್ಲ. ಕರೆದಿದ್ದಳು. ಜೀವಮಾನದಲ್ಲಿ ಮೊದಲ ಸಲ. ಹೇಗೆ ಕರೆದಳು ಎಂಬುದು ಅವನಿಗೆ ಗೊತ್ತಾಗಲಿಲ್ಲ.

ಆಗ ಕೂಸಪ್ಪ ಒಳಗೆ ಬಂದ. ಒಂದು ಮಾತೂ ಜಾರದಂತೆ ತನ್ನ ಬಾಯಿಗೆ ಹೆಗಲ ಮೇಲಿನ ಬೈರಾಸು ಬಿಗಿದುಕೊಂಡಿದ್ದ. ಯಾವ ಕಡೆಯೂ ನೋಡದೆ ಕಾಂಡದ ಕೆಳಗೆ ಹಾರೆ ತೂರಿಸಿ, ಭುಜ ಕೊಟ್ಟು ಎತ್ತಿದ. ಅವಳು ಎಳೆದಳು. ಇಬ್ಬರೂ ಸೇರಿ ಅವನನ್ನು ಬೋಳು ಕಲ್ಲಿನ ಮೇಲೆ ತಂದು ಮಲಗಿಸಿದಾಗ ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು.

ಕಾಲು ಕೂಡಿತು, ಗಿಡ್ಡವಾಗಿ. ಮಣಿಪಾಲದ ಡಾಕ್ಟರು ಕಿವಿಗೆ ಬೆಳಕು ಹಾಕಿ ನೋಡಿ ಎಲ್ಲ ಸರಿಯಾಗಿದೆ ಎಂದರು. ಇಗರ್ಜಿಯ ಪಾದ್ರಿಗಳು ಮನೆಗೆ ಬಂದು ತೀರ್ಥ ಚಿಮುಕಿಸಿ ಪ್ರಾರ್ಥಿಸಿದರು. ಕಜೆಟನ್ ಕೂಸಪ್ಪನನ್ನು ಕರೆಸಿ, ತನ್ನ ಸ್ವರ ಕೇಳದ, ಕಾಗದ ಓದಲೂ ಬಾರದ ಅವನಿಗೆ ಅಪೊಲೋನಿಯಾಳ ಬಾಯಿಯಿಂದಲೇ ಕೇಳಿಸಿದ: ಕಟ್ಟಿದ್ದನ್ನು ಬಿಚ್ಚುವವರು ಯಾರಾದರೂ ಇದ್ದಾರೆಯೇ?

“ಕಟ್ಟಿದವನು ಯಾರಿಗೂ ಹೇಳಿಕೊಟ್ಟಿಲ್ಲ,” ಎಂದ ಕೂಸಪ್ಪ. “ಹೇಳಿಕೊಡಲು ಅವನಿಗೆ ಇದ್ದದ್ದು ಆ ಮಗಳೊಬ್ಬಳೇ ಅಲ್ವಾ?”

ಮೊದಮೊದಲು ಅವಳು ಮಾತಾಡುತ್ತಿದ್ದಳು, ತುಟಿ ದೊಡ್ಡದು ಮಾಡಿ, ನಿಧಾನವಾಗಿ. ಆಮೇಲೆ ಸ್ಲೇಟಿನಲ್ಲಿ ಬರೆದಳು. ಹಾಡಿಯಲ್ಲಿ ತನ್ನ ಹಿಂದೆ ಏನು ಕಂಡಿತೆಂದು ಅವನು ಒಮ್ಮೆ ಕೇಳಿದ. ಅವಳು ಬಳಪವನ್ನು ಕೆಳಗಿಟ್ಟು ಒಲೆಯ ಕಡೆ ಎದ್ದುಹೋದಳು. ಮಳೆಗಾಲ ಬರುವ ಹೊತ್ತಿಗೆ ಬರೆಯುವುದೂ ಕಡಿಮೆಯಾಯಿತು. ಹಾಲಿನವಳ ಸ್ವರ, ಬಾಗಿಲಿನ ಕಿರುಗುಟ್ಟು, ಒಲೆಯಲ್ಲಿ ಕಟ್ಟಿಗೆ ಸಿಡಿಯುವುದು, ಹಂಚಿನ ಮೇಲೆ ನೀರು ಬೀಳುವುದು, ಎಲ್ಲವೂ ಅವನಿಗೆ ಕೇಳುತ್ತಿತ್ತು. ಎದುರಿಗೆ ಕುಳಿತು ಅನ್ನ ಬಡಿಸುವವಳು ಮಾತ್ರ ಮೂಕಿ.

ಡಿಸೆಂಬರಿನಲ್ಲಿ ಪಕ್ಕದ ಮನೆಯ ಬರ್ತಾಬಾಯಿ ಕ್ರಿಸ್ಮಸ್ ಹಬ್ಬಕ್ಕೆ ಹಾಡಲು ಹೆಂಗಸರನ್ನು ಸೇರಿಸುತ್ತಿದ್ದವರು ಅಪೊಲೋನಿಯಾಳನ್ನೂ ಕರೆದೊಯ್ದರು. ಅವಳು ಹಾಡುತ್ತಾಳೆಂಬುದೇ ಕಜೆಟನ್‌ಗೆ ಗೊತ್ತಿರಲಿಲ್ಲ. ನೀವು ಕೆಲಸಕ್ಕೆ ಹೋದ ಮೇಲೆ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ದಿನವೂ ಹಾಡುತ್ತಾರಲ್ಲ, ಇಂಥ ಸ್ವರ ಈ ಇಗರ್ಜಿಗೆ ಇದುವರೆಗೆ ಬಂದಿಲ್ಲ ಎಂದು ಬರ್ತಾಬಾಯಿ ಅವನಿಗೆ ಹೇಳಿದರು. ಹೌದು ಎಂದ.

ಹಬ್ಬದ ಪೂಜೆಗೆ ಅವನು ಊರುಗೋಲು ಹಿಡಿದು ಮುಂದಿನ ಸಾಲಿಗೆ ಹೋಗಿ ಕುಳಿತ. ಹತ್ತು ಹೆಂಗಸರು ಬಿಳಿ ಸೀರೆಯುಟ್ಟು ಎದ್ದು ನಿಂತರು. ಅಪೊಲೋನಿಯಾ ಕೊನೆಯವಳು. ಅವಳು ಪುಸ್ತಕ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು. ಹಾಡು ಶುರುವಾಯಿತು. ಕಜೆಟನ್ ಕಣ್ಣು ಮುಚ್ಚಿ ಮೈಯೆಲ್ಲ ಕಿವಿಯಾಗಿ ಒಂದೊಂದೇ ಸ್ವರವನ್ನು ಬೇರೆ ಮಾಡಿ ಎಣಿಸಿದ. ಒಂಬತ್ತು. ಮತ್ತೆ ಎಣಿಸಿದ. ಒಂದು ಕಡೆ ಒಂಬತ್ತೂ ಸ್ವರಗಳು ನಿಂತು, ಒಬ್ಬಳಿಗೇ ದಾರಿ ಬಿಟ್ಟವು. ಇಗರ್ಜಿಯ ಜನವೆಲ್ಲ ಉಸಿರು ಹಿಡಿದು ಕೇಳಿತು. ಅವನ ಪಕ್ಕದ ಮುದುಕಿ ಕಣ್ಣೊರೆಸಿಕೊಂಡಳು. ಮೇಣದಬತ್ತಿಗಳು ಉರಿಯುವ ಸಣ್ಣ ಸದ್ದು ಕೂಡ ಅವನಿಗೆ ಕೇಳುವಷ್ಟು ಅಲ್ಲಿ ನಿಶ್ಶಬ್ದವಾಗಿತ್ತು.