ಗ್ಯಾರೇಜಿನ ಹೊಂಡದ ಮೇಲೆ ಒಲೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾಟ ಬಲ್ಲವನಿಗೆ ಊಟವಿಲ್ಲ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ. ಆ ಮಧ್ಯಾಹ್ನ ದ್ವೀಪದೂರು ನೌಸೋರಿಯ ಗ್ಯಾರೇಜಿನಲ್ಲಿ ಉಂಡವರನ್ನೇ ಕೇಳಿ.

"ಮಣ್ಣಿಗೆ ತಮಾಷೆ ಗೊತ್ತಾಗಲ್ಲ ಕಣೋ," ಎಂದಳು ಅಜ್ಜಿ ಬುಬು. "ಕೂದಲು, ಎಂಜಲು, ಎಲೆ ಮೂರನ್ನೂ ಒಟ್ಟಿಗೆ ಹೂತರೆ ನಿಜ ಅಂತಲೇ ತಿಳ್ಕೊಳ್ಳುತ್ತೆ, ಯಾರ ಕೂದಲೋ ಅವರನ್ನೇ ಹಿಡಿಯುತ್ತೆ."

"ಮಣ್ಣಿಗೆ ತಮಾಷೆ ಗೊತ್ತಾಗಲ್ಲ ಕಣೋ," ಎಂದ ನೆಮಾನಿ, ತುಟಿಗಳನ್ನು ಒಳಗೆಳೆದುಕೊಂಡು, ಅದೇ ಬೊಚ್ಚುಬಾಯಿಯ ದನಿಯಲ್ಲಿ. ರಾಜಧಾನಿ ಸೂವಾದಲ್ಲಿ ಕಾಲೇಜು ಮುಗಿಸಿ ವಾರದ ಹಿಂದಷ್ಟೇ ಬಂದವನಿಗೆ ಮಾಟವೆಂದರೆ ಮಿಮಿಕ್ರಿಗೆ ಸಿಕ್ಕ ಸರಕು.

ಗ್ಯಾರೇಜು ಅವನ ಸೋದರಮಾವನ ಮಗ ಓಸೆಯಾನದು. ಟ್ಯಾಕ್ಸಿಗಳ ಅಡಿಹೊಟ್ಟೆ ರಿಪೇರಿಗೆಂದು ತೋಡಿದ್ದ ಹೊಂಡ ಮುಚ್ಚಿ, ಅದರ ಮೇಲೆ ಒಲೆ ಹೂಡಿ, ಊಟದಂಗಡಿ ತೆರೆಯಲು ಹೊರಟಿದ್ದ. ಭಾವ ಭಾವನನ್ನು ಗೋಳುಹೊಯ್ದುಕೊಳ್ಳುವುದು ಅಲ್ಲಿ ಹುಟ್ಟಿನ ಹಕ್ಕು, ಸಿಟ್ಟಾದವನೇ ಸೋತವನು. ಹೋದ ಸಲ ಓಸೆಯಾ ಇವನ ಶೂಗಳಿಗೆ ಹಂದಿಕರುಳು ತುಂಬಿದ್ದ. ಈಗ ಸರದಿ ನೆಮಾನಿಯದು.

ಹೊಂಡದಲ್ಲಿ ವರ್ಷಗಟ್ಟಲೆ ಸೋರಿದ ಎಣ್ಣೆ ಲೋಳೆಗಟ್ಟಿತ್ತು. ಉಬ್ಬಿದ ಇಲಿಯೊಂದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಓಸೆಯಾ ಮರಳು ತರಲು ಹೋದಾಗ ನೆಮಾನಿ ಕ್ಷೌರದಂಗಡಿಯಿಂದ ತಂದ ಕೂದಲನ್ನೂ ತಾನು ಚೀಪಿ ಬಿಟ್ಟ ಮೀನಿನ ತಲೆಯನ್ನೂ ಕೆಸುವಿನೆಲೆಯಲ್ಲಿ ಸುತ್ತಿ ಒಳಗೆಸೆದ. ಕೂದಲೂ ತನ್ನದೇ. ಓಸೆಯಾನದು ಬೋಳುತಲೆ, ಇನ್ನೇನು ಮಾಡಿಯಾನು? ಗಂಟು ಗುಳುಂ ಎಂದು ಮುಳುಗಿತು, ಯಾರೋ ನುಂಗಿದಂತೆ. ಮೇಲೆ ಮರಳು, ಅದರ ಮೇಲೆ ಕಾಂಕ್ರೀಟು. ಮೊದಲ ಊಟದ ದಿನ ಗುಟ್ಟು ಬಿಡಬೇಕು, ಭಾವ ಕಕ್ಕುವುದನ್ನು ನೋಡಬೇಕು.

ಆ ದಿನ ಬಂತು. ಚಾಪೆಯ ಮೇಲೆ ನೆರೆಯ ಇಪ್ಪತ್ತು ಮಂದಿ, ಹಿಂದಿನ ಮೂಲೆಯಲ್ಲಿ ಬುಬು. ಕಾಯಿಹಾಲಿನಲ್ಲಿ ಬೆಂದ ಮೀನು, ಹಬೆಯಾಡುವ ಮರಗೆಣಸು. ನೆಮಾನಿ ಮೊದಲ ತುತ್ತಿಟ್ಟ. ಹಳೆಯ ಎಂಜಿನ್ ಎಣ್ಣೆಯ ರುಚಿ. ನಾಲಿಗೆಗೆ ಕೂದಲು ತಾಗಿತು. ಎಳೆದ. ಗೇಣುದ್ದ ಬಂತು. ಮತ್ತೆ ಎಳೆದ. ಮೊಳವಾಯಿತು. ಜಿಡ್ಡು. ಕಪ್ಪು. ಕೊಳೆತ ಮೀನಿನ ನಾತ. ಅದು ತಟ್ಟೆಯಿಂದ ಬಂದದ್ದಲ್ಲ. ಗಂಟಲಿನಿಂದ. ಎಳೆದಷ್ಟೂ ಕೆಳಗೆ, ಕರುಳಿನಲ್ಲಿ, ಏನೋ ಅಲುಗಿತು.

"ಭಾವ, ಒಲೆ ಕೆಳಗೆ ಮಾಟ ಇದೆ... ನಾನೇ ಹೂತಿದ್ದು... ತೆಗಿ," ಎಂದು ಗೊರಗೊರಿಸಿದ, ಎಳೆದ ಕೂದಲನ್ನು ಅಂಗೈಯಲ್ಲಿ ಮುದುರಿ ಉಬ್ಬಿದ ಬಾಯಿಗೆ ಒತ್ತಿ.

ಓಸೆಯಾನ ಕೈ ತುತ್ತಿನೊಂದಿಗೆ ನಿಂತಿತು. ಒಲೆಯತ್ತ ನೋಡಿದ. ನೆಮಾನಿಯತ್ತ ನೋಡಿದ. ಆಮೇಲೆ ನಗುವಿಗೆ ಅವನ ಹೊಟ್ಟೆ ಕುಲುಕತೊಡಗಿತು.

"ನೋಡ್ರಪ್ಪ, ಕರುಳು ತುಂಬಿದ್ದಕ್ಕೆ ಸೇಡು. ಆ ಕಣ್ಣು ನೋಡಿ, ಹೆಂಗೆ ಹೊರಗೆ ತಂದಿದ್ದಾನೆ. ನಾನು ಕಕ್ಕಲ್ಲ ಕಣೋ ಭಾವ, ನೀನೇ ಸೋತೆ."

ಚಾಪೆ ತುಂಬ ನಗು. ನೆಮಾನಿ ನೆಲ ಕೆರೆದ. ಉಗುರು ಕಿತ್ತುಬಂತು. ಉಸಿರು ಒಳಗೆ ಹೋಗಲಿಲ್ಲ.

"ಒಲೆ ಆರಿಸ್ರೋ, ನೆಲ ಒಡೀರಿ, ಸಾಯ್ತಾನೆ ಹುಡುಗ," ಎಂದಿತು ಮೂಲೆಯಿಂದ ಬೊಚ್ಚುಬಾಯಿಯ ದನಿ.

"ಅಯ್ಯೋ, ಬಾಯಿ ಮುಚ್ಕೊಂಡೇ ಬುಬು ದನಿ ತೆಗೆದ ನೋಡಿ," ಎಂದರು ಯಾರೋ.

ಮೂಲೆಯತ್ತ ಯಾರೂ ತಿರುಗಲಿಲ್ಲ. ಕಣ್ಣೀರು ಬರುವಂತೆ, ತೊಡೆ ತಟ್ಟಿಕೊಂಡು, ಎಲ್ಲರಿಗಿಂತ ಜೋರಾಗಿ ನಗುತ್ತ, ಓಸೆಯಾ ಭಾವನ ತಟ್ಟೆಗೆ ಇನ್ನೊಂದು ಸೌಟು ಮೀನು ಬಡಿಸಿದ.