ರದ್ದಾದ ಉಂಗುರಗಳು

ಹನ್ನೆರಡು ಗಾಜಿನ ತಟ್ಟೆಗಳ ಮುಚ್ಚಳದ ಮೇಲೂ ಕೆಂಪು ಮಾರ್ಕರಿನಲ್ಲಿ ‘ರದ್ದು’ ಎಂದು ಬರೆದಿತ್ತು.

ಅವಳು ಹೆಗಲ ಚೀಲವನ್ನೂ ಇಳಿಸಲಿಲ್ಲ. ಆ ದುಂಡು ಅಕ್ಷರ ಯಾರದೆಂದು ಇಡೀ ಲ್ಯಾಬಿಗೆ ಗೊತ್ತು. ಜೇಬಿನಲ್ಲಿ ಸದಾ ಸ್ಟೀಲಿನ ಸ್ಕೇಲು ಸಿಕ್ಕಿಸಿಕೊಂಡು ಓಡಾಡಿ ಎಲ್ಲರ ಬಾಯಲ್ಲೂ ‘ಸ್ಕೇಲು’ ಆಗಿಹೋಗಿದ್ದ ಲ್ಯಾಬ್ ಅಸಿಸ್ಟೆಂಟ್ ಸಿಂಕಿನ ಬಳಿ ಬಾಟಲಿ ತೊಳೆಯುತ್ತಿದ್ದ.

“ಏನಿದು?”

“ಗುಡ್ ಮಾರ್ನಿಂಗ್.”

“ನಿನ್ನ ಮಾರ್ನಿಂಗ್ ಹಾಳಾಗ್ಲಿ! ನನ್ನ ಪ್ಲೇಟ್ ಮುಟ್ಟೋಕೆ ನಿನಗೆ ಅಧಿಕಾರ ಕೊಟ್ಟೋರು ಯಾರು?”

ಆ ತಟ್ಟೆಗಳಲ್ಲಿ ಅವಳ ಎರಡು ವರ್ಷವಿತ್ತು. ದೊಡ್ಡಪತ್ರೆ ಎಲೆ ಅರೆದು, ಸ್ಪಿರಿಟಿನಲ್ಲಿ ನೆನೆಹಾಕಿ, ಸೋಸಿ, ಆ ರಸದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ ಇಡುವುದು. ಎಲೆಗೆ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾದ ಉಂಗುರ ಮೂಡುತ್ತದೆ. ಶುಕ್ರವಾರದೊಳಗೆ ಉಂಗುರ ತೋರಿಸದಿದ್ದರೆ ಈ ಕೆಲಸ ನಿಲ್ಲಿಸು ಎಂದಿದ್ದರು ಗೈಡ್ ಮೇಡಂ. ಇವತ್ತು ಬುಧವಾರ.

ಉಂಗುರವೇನೋ ಮೂಡಿತ್ತು. ಎರಡು ಸೆಂಟಿಮೀಟರ್ ಅಗಲ, ಕಣ್ಣಿಗೆ ಹೊಡೆಯುವಂತೆ.

“ಇಷ್ಟು ದೊಡ್ಡ ಉಂಗುರ ಕಾಣಿಸ್ಲಿಲ್ವಾ ನಿನಗೆ?”

“ಕಾಣಿಸ್ತು. ಅದಕ್ಕೇ ಬರೆದೆ.” ಅವನು ಕೈ ಒರೆಸಿಕೊಂಡು ಬಂದು ತಟ್ಟೆ ತಿರುಗಿಸಿದ. “ಅಂಚಿನ ಬಿಲ್ಲೆ ನೋಡು.”

ಅದು ಎಲೆಯ ರಸವಿಲ್ಲದ, ಬರೀ ಸ್ಪಿರಿಟಿನಲ್ಲಿ ಅದ್ದಿದ ಬಿಲ್ಲೆ. ಹೋಲಿಸಿ ನೋಡಲು ಇಟ್ಟದ್ದು. ಅದರ ಸುತ್ತ ಏನೂ ಇರಬಾರದು. ಅಲ್ಲೂ ಅಷ್ಟೇ ದೊಡ್ಡ ಉಂಗುರವಿತ್ತು.

“ಬಿಲ್ಲೆ ಒಣಗೋ ಮುಂಚೆ ಇಟ್ಟುಬಿಟ್ಟಿದೀಯ. ಬ್ಯಾಕ್ಟೀರಿಯಾ ಕೊಂದಿದ್ದು ನಿನ್ನ ಸೊಪ್ಪಲ್ಲ, ಸ್ಪಿರಿಟು.”

ನಿನ್ನೆಯ ಆತುರ ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಸಿಟ್ಟು ಇಳಿಯಬೇಕಿತ್ತು, ಇನ್ನೂ ಏರಿತು.

“ಮೊದಲು ನನಗೆ ಹೇಳಬೇಕಿತ್ತು. ನನಗೆ!”

“ಏಳು ಗಂಟೆಯಿಂದ ನಾಲ್ಕು ಸಲ ಫೋನ್ ಮಾಡಿದೆ. ಬ್ಲಾಕ್ ಮಾಡಿದೀಯಲ್ಲ.”

“ಕ್ಯಾಂಟೀನಲ್ಲಿ ಎಲ್ಲರೆದುರು ‘ಸೊಪ್ಪಿನ ಡಾಕ್ಟರಮ್ಮ’ ಅಂದೋನಿಗೆ ಸನ್ಮಾನ ಮಾಡಬೇಕಿತ್ತಾ?”

“ಎಂಟೂವರೆಗೆ ಮೇಡಂ ಬರ್ತಾರೆ. ಆ ಅಂಚಿನ ಬಿಲ್ಲೆ ಕಣ್ಣಿಗೆ ಬಿದ್ದಿದ್ರೆ ಶುಕ್ರವಾರದ ತನಕ ಯಾಕೆ ಕಾಯ್ತಿದ್ರು? ರದ್ದಾದ ತಟ್ಟೇನ ಯಾರೂ ತೆಗೆದು ನೋಡಲ್ಲ.” ಅವನು ತಲೆ ತಗ್ಗಿಸಿದ. “ಆದ್ರೂ ನಿನ್ನ ಕೆಲಸದ ಮೇಲೆ ನಾನು ಬರೆದಿದ್ದು ತಪ್ಪೇ. ಬೈಯಿ.”

ಬೈಸಿಕೊಳ್ಳಲೆಂದೇ ನಿಂತವನನ್ನು ಬೈಯುವುದಾದರೂ ಹೇಗೆ? ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮಧ್ಯಾಹ್ನ ಅಜ್ಜಿಯ ಫೋನು. ಎಲೆಗಳೆಲ್ಲ ಅಜ್ಜಿಯ ಕುಂಡದವು.

“ನನ್ನ ಗಿಡ ಬೋಳು ಮಾಡ್ಕೊಂಡು ಹೋದೆಯಲ್ಲ, ಏನಾಯ್ತೇ?”

“ಎಲ್ಲ ಹಾಳಾಯ್ತು. ಇಲ್ಲೊಬ್ಬ ಇದಾನೆ ಅಜ್ಜಿ...” ಎಂದು ಶುರುಮಾಡಿದವಳು ಹತ್ತು ನಿಮಿಷ ಉಸಿರು ಬಿಡದೆ ಬೈದಳು.

“ಸೊಪ್ಪಿನ ಸಮಾಚಾರ ಕೇಳಿದ್ರೆ ಹುಡುಗನ ಸಮಾಚಾರ ಹೇಳ್ತೀಯಲ್ಲೇ!”

ಅವಳು ಫೋನನ್ನು ಮೇಜಿಗೆ ಕುಕ್ಕಿದಳು.

ಬಾಟಲಿಯ ತಳದಲ್ಲಿ ಎಲೆಯ ರಸ ಇನ್ನೂ ಉಳಿದಿತ್ತು. ಸಂಜೆ ಹೊಸ ಬಿಲ್ಲೆಗಳನ್ನು ಅದ್ದಿ ಒಣಗಲು ಹರಡಿದಳು. ಅವನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ.

“ಮನೆಗೆ ಹೋಗು.”

“ಒಣಗಲಿ.”

“ನೀನು ಇಷ್ಟು ಹತ್ತಿರ ಕೂತು ಉಸಿರಾಡಿದ್ರೆ ಒಣಗಲ್ಲ.”

ಅವನು ಸ್ಟೂಲನ್ನು ಒಂದು ಅಡಿ ಹಿಂದಕ್ಕೆ ಸರಿಸಿದ. ಅವಳು ಗಡಿಯಾರ ನೋಡಿ ತಿರುಗುವಷ್ಟರಲ್ಲಿ ಅದು ಮೊದಲಿನ ಜಾಗದಲ್ಲೇ ಇತ್ತು. ಕಣ್ಣು ಕಣ್ಣು ಸೇರಿದವು.

“ಬಿಲ್ಲೆ ನೋಡು. ನನ್ನನ್ನಲ್ಲ.”

“ಬಿಲ್ಲೆ ನನ್ನ ಮೇಲೆ ಸಿಟ್ಟು ಮಾಡ್ಕೊಂಡಿಲ್ಲ. ನೋಡೋಕೆ ಬೇಜಾರು.”

ನಗು ಬಂತು. ಅವನಿಗೆ ಕಾಣದಂತೆ ನುಂಗಿದಳು. ಮುಟ್ಟಿ, ಮೂಸಿ, ಸ್ಪಿರಿಟಿನ ವಾಸನೆ ಒಂದಿಷ್ಟೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಬಿಲ್ಲೆಗಳನ್ನು ತಟ್ಟೆಗಿಟ್ಟಳು.

ಗುರುವಾರ ಮಧ್ಯಾಹ್ನ ಅವಳು ಮೊದಲು ನೋಡಿದ್ದು ಅಂಚಿನ ಬಿಲ್ಲೆಯನ್ನು. ಸುತ್ತ ಏನೂ ಇಲ್ಲ. ಆಮೇಲೆ ಎಲೆಯ ಬಿಲ್ಲೆಗಳು. ಸಣ್ಣ ಸಣ್ಣ ಉಂಗುರಗಳು.

ಅವನು ಜೇಬಿನಿಂದ ಸ್ಕೇಲು ತೆಗೆದು ಅಳೆದ. “ಹನ್ನೆರಡು ಮಿಲಿಮೀಟರ್. ಇದೂ ಹನ್ನೆರಡು. ಇದು ಹನ್ನೊಂದೂವರೆ.”

“ಚಿಕ್ಕದು,” ಎಂದಳು.

“ನಿಜವಾದದ್ದು. ನಾಳೆ ಧೈರ್ಯವಾಗಿ ತೋರಿಸು.” ಸ್ಕೇಲನ್ನು ಬಟ್ಟೆಯಿಂದ ಒರೆಸುತ್ತಾ ಅವನು ಮೆಲ್ಲಗೆ ಸೇರಿಸಿದ, “ನಿನ್ನ ಬೆರಳಿಗೆ ಮಾತ್ರ ಇದು ಸಾಲಲ್ಲ. ಹದಿನಾರಾದ್ರೂ ಬೇಕು.”

“ನನ್ನ ಬೆರಳಿನ ಅಳತೆ ನಿನಗೆ ಹೇಗೆ ಗೊತ್ತು?”

“ಲ್ಯಾಬಿಗೆಲ್ಲ ಒಂದೇ ಸೈಜಿನ ಗ್ಲೌಸು. ನಿನಗೊಬ್ಬಳಿಗೇ ಸಣ್ಣದು ಬರುತ್ತಲ್ಲ, ತಾನಾಗೇ ಬರುತ್ತೆ ಅಂದ್ಕೊಂಡಿದ್ಯಾ?”

ಎರಡು ವರ್ಷದಿಂದ ಹಾಕಿಕೊಳ್ಳುತ್ತಿದ್ದ ಗ್ಲೌಸುಗಳನ್ನು ಅವಳು ಹೊಸದಾಗಿ ನೋಡಿದಳು.

“ನಿನ್ನನ್ನ ಕಂಡ್ರೆ ನನಗೆ ತುಂಬಾ ಇಷ್ಟ,” ಎಂದ.

“ಒಂದು ಸಲ ಬಂದ ರಿಸಲ್ಟ್ ನಾನು ನಂಬಲ್ಲ.” ಅವಳ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. “ಮೂರು ಸಲ ಬರಬೇಕು.”

“ನಿನ್ನನ್ನ ಕಂಡ್ರೆ ನನಗೆ ತುಂಬಾ ಇಷ್ಟ.”

“ಎರಡು.”

ಮೂರನೆಯದಕ್ಕೆ ಅವನು ಬಾಯಿ ತೆರೆಯುವಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು. ತೆಗೆದು ನೋಡಿದ. ಇಷ್ಟು ದಿನ ಬ್ಲಾಕ್ ಆಗಿದ್ದ ಅವಳ ನಂಬರು.

ಎದುರಿಗೇ ನಿಂತು, ತನ್ನ ಫೋನನ್ನು ಕಿವಿಗೊತ್ತಿಕೊಂಡು ಅವಳು ಗದರಿದಳು:

“ಎತ್ತೋ. ಮೂರನೇದು ಇದರಲ್ಲಿ ಹೇಳು.”