ಮೂರು ಗೇಣಿನ ಸ್ಕೇಟ್ ಪಾರ್ಕ್

"ಸೋಮವಾರಕ್ಕ ಮೊದಲು ಆಗಂಗಿಲ್ಲ ಅಂತ ಹೇಳಿ ಕಳಿಸೀನಿ. ಹೆಣ್ಣುಮಕ್ಕಳನ್ನ ಕಳಿಸಿದ್ರ ಗಾಡಿ ಲಗೂ ಆಗ್ತೈತೇನು? ಹೋಗ್ರಿ, ಹೋಗ್ರಿ!"

ಜಾಸ್ಮಿನ್ ಇನ್ನೂ ಶೆಡ್ಡಿನೊಳಗೆ ಕಾಲಿಟ್ಟಿರಲಿಲ್ಲ. ಅರ್ಧ ಕಟ್ಟಿದ ಲಾರಿಯ ಮೇಲೆ ಕೂತು ಬೋಲ್ಟು ಬಿಗಿಯುತ್ತಿದ್ದ ಆಸಾಮಿ ಬಳೆಯ ಸದ್ದು ಕೇಳಿ, ತಲೆ ಎತ್ತಿ ನೋಡದೆಯೇ ಬೈದಿದ್ದ. ಬೈಸಿಕೊಂಡು ಸುಮ್ಮನಿರುವ ವಯಸ್ಸು ಅವಳಿಗೆ ದಾಟಿ ಬಹಳ ದಿನವಾಗಿತ್ತು.

"ಯಾರ ಗಾಡಿರೀ? ನನ್ನ ಹತ್ರ ಒಂದು ಸೈಕಲ್ಲೂ ಇಲ್ಲ. ಮೊದಲು ಮಾರಿ ನೋಡ್ರಿ, ಆಮ್ಯಾಗ ಬೈರಿ."

ಅವನು ತಲೆ ಎತ್ತಿದ. ಮುಖ, ಮೀಸೆ, ರೆಪ್ಪೆ ಎಲ್ಲ ಕೆಂಪು ಧೂಳು. ಕಣ್ಣೆರಡು ಮಾತ್ರ ಅವನವು. ಅವೂ ನಿದ್ದೆಗೆಟ್ಟು ಕೆಂಪಾಗಿದ್ದವು.

ಅವನೇ ಕೈಸರ್ ಮಿಸ್ತ್ರಿ. ಸಿರುಗುಪ್ಪ ತಾಲ್ಲೂಕಿನ ಕರೂರಿನವನು. ಬಳ್ಳಾರಿಯಲ್ಲಿ ಲಾರಿಗೆ ಬಾಡಿ ಕಟ್ಟುವವರಲ್ಲಿ ಅವನಷ್ಟು ನೀಟಾಗಿ ಕಟ್ಟುವವರಿಲ್ಲ, ಅವನಷ್ಟು ಸಿಡುಕುವವರೂ ಇಲ್ಲ ಎಂದು ಕೇಳಿಯೇ ಅವಳು ಬಂದಿದ್ದಳು.

ಅದಿರಿನ ಭರಾಟೆಯ ವರ್ಷಗಳವು. ಗಣಿಯವರು ಹಗಲಿಲ್ಲ ಇರುಳಿಲ್ಲ ಗಾಡಿ ಕೇಳುತ್ತಿದ್ದರು. ಶೆಡ್ಡಿನ ಮುಂದೆ ಬಾಡಿಯಿಲ್ಲದ ಬೋಳು ಚಾಸಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಊರು ಸಾಹುಕಾರ ಆಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಆಗಿರಬಹುದು. ದುಡಿಯುವವರಿಗೆ ಸಿಕ್ಕದ್ದು ಕೆಮ್ಮು ಮತ್ತು ನಿದ್ದೆಗೇಡು.

ಜಾಸ್ಮಿನ್ ಚೀಲದಿಂದ ಒಂದು ಪುಟ್ಟ ಹಲಗೆ ತೆಗೆದಳು. ಬೆರಳುದ್ದದ್ದು, ಕೆಳಗೆ ನಾಲ್ಕು ಗಾಲಿ. "ಇದು ಫಿಂಗರ್ ಬೋರ್ಡ್, ಬೆರಳಿಲೆ ಆಡೂ ಸ್ಕೇಟ್ ಹಲಗಿ. ಇದಕ್ಕ ಆಡಾಕ ಒಂದು ಪಾರ್ಕ್ ಬೇಕು. ನೀವು ಕಟ್ಟಿ ಕೊಡ್ಬೇಕು."

"ಮಕ್ಕಳಿಗೇನ್ರಿ?"

"ನನಗ."

ಕೈಸರ್ ಸ್ಪ್ಯಾನರ್ ಕೆಳಗಿಟ್ಟ. ನಗಬೇಕೋ ಬೈಯಬೇಕೋ ಅವನಿಗೆ ತಿಳಿಯಲಿಲ್ಲ.

ಅವಳು ಹೇಳಲಿಲ್ಲ, ಆದರೆ ಸಂಗತಿ ಇಷ್ಟು: ಹತ್ತೊಂಬತ್ತಕ್ಕೆ ಕುರುಗೋಡಿಗೆ ಮದುವೆ ಮಾಡಿಕೊಟ್ಟಿದ್ದರು. ಏಳು ವರ್ಷಕ್ಕೆ ಗಂಡ ಇನ್ನೊಂದು ಮಾಡಿಕೊಂಡ. ಕೊಡುವಾಗ ಅಣ್ಣ ಅವಳನ್ನು ಕೇಳಿರಲಿಲ್ಲ, ಬಿಡುವಾಗ ಗಂಡನೂ ಕೇಳಲಿಲ್ಲ. ಪಾರ್ವತಿನಗರದ ತಾಯಿಯ ಮನೆಗೆ ಬಂದು ಹತ್ತು ವರ್ಷ. ಬೆಂಗಳೂರು ರೋಡಿನ ಎರ್ರಣ್ಣನ ಫ್ಯಾನ್ಸಿ ಸ್ಟೋರಿನಲ್ಲಿ ದಿನವಿಡೀ ನಿಲ್ಲುತ್ತಿದ್ದಳು. ಒಮ್ಮೆ ಬಳೆಯ ಪೆಟ್ಟಿಗೆಯೊಂದಿಗೆ ಈ ಹಲಗೆಗಳು ಬಂದವು. ಯಾರೂ ಕೊಳ್ಳಲಿಲ್ಲ. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಅವಳು ಒಂದನ್ನು ತೆಗೆದು ಕೌಂಟರಿನ ಮೇಲೆ ಓಡಿಸಿದಳು. ಓಡಿಸುತ್ತಾ ಓಡಿಸುತ್ತಾ ಬೆರಳಿಗೆ ವಿದ್ಯೆ ಬಂತು. ಮೈ ಎಷ್ಟೇ ಸೋತಿದ್ದರೂ ಆ ಎರಡು ಬೆರಳು ಮಾತ್ರ ಹಗುರ.

"ತೋರಿಸ್ರಿ, ಏನ್ ಮಾಡ್ತೈತಿ ಇದು," ಎಂದ ಕೈಸರ್.

ಅವಳು ಲಾರಿಯ ಹಲಗೆಯ ಮೇಲೆ ಅದನ್ನಿಟ್ಟು ತೋರುಬೆರಳು, ನಡುಬೆರಳು ಏರಿಸಿದಳು. ಬೆರಳುಗಳು ಎರಡು ಕಾಲುಗಳಾದವು. ಬೋರ್ಡು ಸರ್ರನೆ ಓಡಿತು. ಬೋಲ್ಟಿನ ತಲೆ ಎದುರಾದಾಗ ಹಿಂದಿನ ಬೆರಳು ಟಪ್ಪೆಂದು ತುಳಿಯಿತು. ಹಲಗೆ ಬೆರಳಿಗೆ ಅಂಟಿಕೊಂಡೇ ಹಾರಿ, ಬೋಲ್ಟು ದಾಟಿ, ಆಚೆ ಇಳಿಯಿತು.

ಕೈಸರ್ ಬೋರ್ಡನ್ನು ನೋಡಲಿಲ್ಲ. ಅವಳ ಮುಖ ನೋಡಿದ. ಒಳಗೆ ಬಂದಾಗ ಇದ್ದ ಹೆಂಗಸು ಅಲ್ಲಿರಲಿಲ್ಲ.

"ಇನ್ನೊಮ್ಮೆ ಮಾಡ್ರಿ," ಎಂದ ಮೆಲ್ಲಗೆ.

ಅವಳು ಪ್ಯಾಕೆಟ್ಟಿನ ಹಿಂದಿನ ಚಿತ್ರ ಕೊಟ್ಟಳು: ಇಳಿಜಾರು, ಮೆಟ್ಟಿಲು, ಕಂಬಿ, ಬಟ್ಟಲಿನಂಥ ಗುಂಡಿ. ಕೆಳಗೆ ಪೆನ್ಸಿಲಿನಲ್ಲಿ ಅಳತೆ: ಉದ್ದ ಮೂರು ಗೇಣು, ಅಗಲ ಎರಡು ಗೇಣು. ಕೌಂಟರಿನ ಮೂಲೆಯಲ್ಲಿ ಖಾಲಿ ಇದ್ದ ಜಾಗ ಅಷ್ಟೇ.

"ಅಮಾಸಿ ದಿನ ಅಂಗಡಿಗೇ ತಂದು ಕೊಡ್ತೀನಿ," ಎಂದ.

ಅಮಾಸೆಗೆ ಲಾರಿ ಮಾಲೀಕರು ಹೊಸ ಗಾಡಿ ಮುಟ್ಟುವುದಿಲ್ಲ. ಹಾಗಾಗಿ ಶೆಡ್ಡುಗಳೆಲ್ಲ ಬಂದ್. ಹಿಂದೂ, ಮುಸ್ಲಿಂ ಎನ್ನದೆ ಎಲ್ಲ ಮಿಸ್ತ್ರಿಗಳಿಗೂ ತಿಂಗಳಿಗೆ ಸಿಗುವ ಒಂದೇ ನಿದ್ದೆಯ ದಿನ ಅದು. ಆ ನಿದ್ದೆ ಬಿಟ್ಟು ಕೈಸರ್ ಗೂಡ್ಸ್ ಆಟೋದಲ್ಲಿ ಪಾರ್ಕ್ ಹೇರಿಕೊಂಡು ಬಂದ.

ಇಳಿಸಿ ಕೌಂಟರಿನ ಮೇಲಿಟ್ಟರೆ ಅದು ಎರಡೂ ಕಡೆ ಹೊರಗೆ ಚಾಚಿತು. ಬಳೆಯ ಸ್ಟ್ಯಾಂಡು ಉರುಳಿ ಬಿತ್ತು.

"ಇದೇನ್ರಿ ಇದು, ಲಾರಿ ತಂದು ನಿಲ್ಲಿಸೀರೇನು? ಮೂರು ಗೇಣು ಅಂತ ಬರೆದು ಕೊಟ್ಟಿದ್ನಿಲ್ಲ? ಓದಾಕ ಬರಂಗಿಲ್ಲೇನು?"

"ಓದಾಕ ಬರ್ತೈತಿ! ಮೂರು ಗೇಣೇ ಐತಿ. ನೋಡ್ರಿ, ಎಣಿಸ್ಕೊಳ್ರಿ!" ಕೈಸರ್ ಸಿಟ್ಟಿನಿಂದ ತನ್ನ ಕೈ ಚಾಚಿ ಅಂಚಿನ ಮೇಲೆ ಗೇಣು ಹಾಕಿದ. ಒಂದು, ಎರಡು, ಮೂರು. ಸರಿಯಾಗಿತ್ತು.

ಜಾಸ್ಮಿನ್ ಅವನ ಕೈಯ ಪಕ್ಕಕ್ಕೆ ತನ್ನ ಕೈ ಚಾಚಿಟ್ಟಳು.

ಅವನ ಹೆಬ್ಬೆರಳಿನಿಂದ ಕಿರುಬೆರಳಿನವರೆಗಿನ ಹರವಿನಲ್ಲಿ ಅವಳ ಗೇಣು ಮುಗಿದು ಇನ್ನೂ ಮೂರು ಬೆರಳು ಜಾಗ ಉಳಿಯಿತು. ಇಬ್ಬರೂ ನೋಡಿದರು. ಅವನ ಉಗುರಿನ ಸಂದಿಯಲ್ಲಿ ಮರದ ಹೊಟ್ಟು, ಅವಳ ಬೆರಳ ತುದಿಯಲ್ಲಿ ಪುಟ್ಟ ಜಡ್ಡು. ಯಾರೂ ಕೈ ತೆಗೆಯಲಿಲ್ಲ.

ಗಲ್ಲಾದಲ್ಲಿದ್ದ ಎರ್ರಣ್ಣ ಕೆಮ್ಮಿದ. "ಅಳತಿ ಮುಗೀತೇನವ್ವ?"

ಕೈಸರ್ ಸರಕ್ಕನೆ ಕೈ ಎಳೆದುಕೊಂಡ. "ಕೊಯ್ದು ಸಣ್ಣದು ಮಾಡಿ ತರ್ತೀನ್ರಿ."

"ಕೊಯ್ಯಬ್ಯಾಡ್ರಿ," ಎಂದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ. "ಶೆಡ್ಡಿನ್ಯಾಗ ಇರ್ಲಿ. ಜಾಗ ಹೆಚ್ಚಾದ್ರ ಹೆಚ್ಚು ತುಂಬಿಸೂಣು."

ಶುಕ್ರವಾರ ಮಧ್ಯಾಹ್ನ ಎರ್ರಣ್ಣ ಅವಳಿಗೆ ಬಿಡುವು ಕೊಡುತ್ತಿದ್ದ; ಅವಳು ಶೆಡ್ಡಿಗೆ ಹೋಗುತ್ತಿದ್ದಳು. ಕೈಸರ್ ಜುಮ್ಮಾ ನಮಾಜು ಮುಗಿಸಿ ಬಂದು ಒಂದು ತಾಸು ಲಾರಿ ಮುಟ್ಟುತ್ತಿರಲಿಲ್ಲ. ಶೆಡ್ಡಿನ ಎರಡೂ ಬಾಗಿಲು ಅಗಲಕ್ಕೆ ತೆರೆದೇ ಇರುತ್ತಿದ್ದವು. ಅದನ್ನು ಅವನೇ ನೋಡಿಕೊಳ್ಳುತ್ತಿದ್ದ. ಅದು ಅವಳಿಗೆ ಹಿಡಿಸಿತು.

ಪಾರ್ಕಿಗೆ ಅವನು ಒಂದೊಂದೇ ಸೇರಿಸುತ್ತಾ ಹೋದ. ಡ್ರಮ್ಮಿಗೆ ಒತ್ತಿ ತಗಡು ಬಗ್ಗಿಸಿ ಇನ್ನೊಂದು ಇಳಿಜಾರು ಮಾಡಿದ. ವೆಲ್ಡಿಂಗ್ ಕಡ್ಡಿ ನೆಟ್ಟು ಕಂಬಿ ಮಾಡಿದ. ಸ್ಟೀಲ್ ಬೋಗುಣಿಯ ಸುತ್ತ ಸಿಮೆಂಟು ಮೆತ್ತಿ ದೊಡ್ಡದೊಂದು ಗುಂಡಿ ಮಾಡಿದ. ಅವಳು ಉಪ್ಪುಕಾಗದ ಹಿಡಿದು ಅಂಚು ಉಜ್ಜುತ್ತಿದ್ದಳು.

"ಅಷ್ಟು ಉಜ್ಜಿದ್ರ ಹಲಗಿ ಸವದು ಹೋಗ್ತೈತಿ."

"ನಿಮ್ಮ ಸಿಟ್ಟು ಸವೀಲಿ ಅಂತ ಉಜ್ಜಾಕ ಹತ್ತೀನಿ."

"ಅದಕ್ಕ ಈ ಕಾಗದ ಸಾಲಂಗಿಲ್ಲ. ದೊಡ್ಡ ಅರ ಬೇಕು."

ನಕ್ಕಾಗ ಅವನಿಗೆ ಕೆಮ್ಮು ಬರುತ್ತಿತ್ತು. ಅವಳು ನೀರಿನ ಬಾಟಲಿ ಮುಂದೆ ತಳ್ಳುತ್ತಿದ್ದಳು, ಮುಖ ನೋಡದೆ. ಅವನು ಕುಡಿಯುತ್ತಾ ಅವಳನ್ನು ನೋಡುತ್ತಿದ್ದ, ಅವಳಿಗೆ ಗೊತ್ತಾಗಲಿಲ್ಲ ಎಂದುಕೊಂಡು. ಹೀಗೆ ಮೂರು ತಿಂಗಳು. ಇಬ್ಬರೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಹೊಸಪೇಟೆಯಿಂದ ಅಣ್ಣ ಅಶ್ಫಾಕನ ಫೋನು ಬಂತು. ಅವಳಿಗೊಂದು ಸಂಬಂಧ ನೋಡಿದ್ದ: ಮೂರು ಟಿಪ್ಪರಿನ ಮಾಲೀಕ, ಹೆಂಡತಿ ತೀರಿಕೊಂಡಿದ್ದಾಳೆ, ಒಳ್ಳೆ ಮನೆ. ಭಾನುವಾರ ಮಾತು ಕೊಡಬೇಕು. "ನಿನ್ನನ್ನ ಕೇಳೋದೇನೈತಿ, ಇನ್ನೆಷ್ಟು ದಿನ ಬಳಿ ಮಾರ್ತಿ?" ಎಂದ. ಮತ್ತೆ ಅದೇ. ಹದಿನೇಳು ವರ್ಷ ಕಳೆದರೂ ಅವಳನ್ನು ಕೇಳುವುದು ಏನೂ ಇರಲಿಲ್ಲ.

ಶನಿವಾರ ಅಮಾಸೆ. ಜಾಸ್ಮಿನ್ ಶೆಡ್ಡಿಗೆ ಹೋದಳು. ಈ ಮನುಷ್ಯ ಇವತ್ತು ಬಾಯಿ ಬಿಡದಿದ್ದರೆ ನಾನೇ ಬಿಡಿಸುತ್ತೇನೆ ಎಂದುಕೊಂಡೇ ಹೋದಳು.

"ಗುಂಡಿ ಒಣಗೈತಿ. ಆಡಿ ನೋಡ್ರಿ," ಎಂದ ಕೈಸರ್. ಹಿಂದಿನ ಎರಡು ದಿನ ಅವನು ಮಲಗಿರಲಿಲ್ಲ. ಟೈರಿಗೆ ಒರಗಿ ಕೂತ.

ಬೋರ್ಡು ಇಳಿಜಾರು ಇಳಿದು ಗುಂಡಿಯಲ್ಲಿ ಒಂದು ಸುತ್ತು ಸುತ್ತಿ, ಇನ್ನೊಂದು ಅಂಚಿನಿಂದ ಮೇಲೆದ್ದು, ಕಂಬಿಯ ಮೇಲೆ ಜಾರಿ ಮೆಟ್ಟಿಲ ಕೆಳಗೆ ಇಳಿಯಿತು. ಎಲ್ಲೂ ತಡೆಯಲಿಲ್ಲ. ಕಣ್ಣು ಬೋರ್ಡಿನ ಮೇಲಿಟ್ಟೇ ಹೇಳಿದಳು:

"ಅಣ್ಣ ನನ್ನ ಮದಿವಿ ಗೊತ್ತು ಮಾಡ್ಯಾನ. ನಾಳಿ ಮಾತು ಕೊಡ್ತಾನ. ನೀವೇನಂತೀರಿ?"

ತಿರುಗಿ ನೋಡಿದರೆ ಕೈಸರ್ ಬಾಯಿ ತೆರೆದು ನಿದ್ದೆ ಹೋಗಿದ್ದ.

ಸಿಟ್ಟು ನೆತ್ತಿಗೇರಿತು. ಅವನ ಸ್ಪ್ಯಾನರನ್ನೇ ಎತ್ತಿ ಎಸೆಯಬೇಕೆನಿಸಿತು. ಎದ್ದು ಬಾಗಿಲವರೆಗೆ ಹೋದಳು. ಹೊರಗೆ ಬಿಸಿಲು, ಧೂಳು, ಗುಡುಗುಡು ಎನ್ನುವ ರಸ್ತೆ. ಹಿಂದಿನಿಂದ ಸಣ್ಣ ಗೊರಕೆ ಕೇಳಿತು. ತಿರುಗಿ ನೋಡಿದಳು. ಸದಾ ಬಿಗಿದಿರುವ ಅವನ ಮುಖ ಈಗ ಸಡಿಲಾಗಿತ್ತು. ಈ ಮನುಷ್ಯ ಬೇರೆ ಯಾರ ಮುಂದೆಯೂ ಹೀಗೆ ಮಲಗಿರಲಿಕ್ಕಿಲ್ಲ ಎನಿಸಿತು. ತಾನೂ ಯಾರ ಮುಂದೆಯೂ ದಣಿವಾಯಿತು ಎಂದು ಹೇಳಿದವಳಲ್ಲ. ವಾಪಸು ಬಂದು ಎದುರಿನ ಟೈರಿಗೆ ಒರಗಿ, ಚಪ್ಪಲಿ ಬಿಟ್ಟು, ಕಾಲು ಚಾಚಿ ಕೂತಳು.

ಅರ್ಧ ತಾಸಿಗೆ ಅವನು ಎಚ್ಚೆತ್ತು ಗಾಬರಿಯಾದ. "ಹೋಗಿಲ್ಲೇನ್ರಿ ನೀವು?"

"ಹೋಗ್ಲೇನು? ಅಣ್ಣ ನಾಳಿ ನನ್ನ ಮದಿವಿಗೆ ಮಾತು ಕೊಡ್ತಾನ. ಹೊಸಪೇಟಿಗೆ. ಮೂರು ಟಿಪ್ಪರಿನವರ ಮನಿಗೆ." ಈ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

ಕೈಸರನ ಮುಖ ಬಿಳಿಚಿತು. ನೆಲದ ಮೇಲಿದ್ದ ಬೋಲ್ಟೊಂದನ್ನು ಎತ್ತಿ ಬೆರಳಲ್ಲಿ ತಿರುಗಿಸಿದ. "ಚೊಲೋ ಆತು ಬಿಡ್ರಿ. ನಿಮಗ ಆರಾಮ ಸಿಗ್ತೈತಿ."

"ಆರಾಮ ಯಾರು ಕೇಳ್ಯಾರ ನಿಮ್ಮನ್ನ? ಮೂರು ತಿಂಗಳಿಂದ ಕಳ್ಳರಂಗ ನೋಡ್ತೀರಿ. ಬಾಯಿಗೂ ಬೋಲ್ಟು ಹಾಕ್ಕೊಂಡೀರೇನು?"

"ಏನಂತ ಕೇಳಲಿ?" ಅವನೂ ಸಿಡಿದ. "ನಲವತ್ತೆರಡು ಆತು ನನಗ. ಎದಿಯೊಳಗ ಬರೇ ಧೂಳು. ಮನಿಗೆ ಹೋದ್ರ ಊಟಕ್ಕೂ ಏಳಾಕ ಆಗಂಗಿಲ್ಲ. ಇಂಥಾವನ್ನ ಕಟ್ಕೊಂಡು ಏನ್ ಮಾಡ್ತೀರಿ ನೀವು?"

"ನಾನೂ ದಣಿದೀನಿ, ಕೈಸರ್." ಅವಳು ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು. ದನಿ ತಗ್ಗಿತು. "ದಣಿದಿಲ್ಲ ಅಂತ ನಾಟಕ ಮಾಡೋದು ಸಾಕಾಗೈತಿ. ನಿಮ್ಮ ಮುಂದ ಅದು ಬೇಕಾಗಂಗಿಲ್ಲ. ಅಷ್ಟ. ಈಗ ನನ್ನನ್ನ ಕೇಳ್ರಿ. ಯಾರೂ ಕೇಳಿಲ್ಲ ಇವತ್ತಿನತನಕ."

ಅವನು ಎದ್ದು ನಿಂತು, ಅಂಗಿಗೆ ಕೈ ಒರೆಸಿಕೊಂಡ.

"ಜಾಸ್ಮಿನ್... ನನ್ನ ಜೊತಿ ಇರಾಕ ನಿಮಗ ಒಪ್ಪಿಗಿ ಐತೇನು?"

"ಐತಿ," ಎಂದಳು. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿದವು. "ಐತಿ, ಐತಿ."

ಅವನು ಅವಳ ಫೋನು ಕೇಳಿ ಪಡೆದು ಅಲ್ಲೇ ನಿಂತು ಅಶ್ಫಾಕನಿಗೆ ಹಚ್ಚಿದ. ಸ್ಪೀಕರಿನಲ್ಲಿ ಅಣ್ಣನ ದನಿ ಕಿರುಚಿತು: "ಬಾಡಿ ಕಟ್ಟೋ ಮಿಸ್ತ್ರಿನಾ? ನಿನ್ನ ಹತ್ರ ಟಿಪ್ಪರ್ ಎಷ್ಟು ಅದಾವು?"

"ಒಂದೂ ಇಲ್ಲರೀ. ಆದ್ರ ಹೊಸಪೇಟಿಯಿಂದ ಬಂದ ಮೂರು ಟಿಪ್ಪರಿಗೆ ಹೋದ ವರ್ಷ ಬಾಡಿ ಕಟ್ಟೀನಿ. ನೀವು ಹೇಳಾವ್ರವ ಇರಬೇಕು. ಗಟ್ಟಿ ಅದಾವಿಲ್ಲೋ ಕೇಳಿ ನೋಡ್ರಿ. ನಿಮ್ಮ ತಂಗಿ ಒಪ್ಪ್ಯಾಳ. ನೀವು ಬಂದ್ರ ಸಂತೋಷ."

ಲೈನು ಕಟ್ಟಾಯಿತು. ಜಾಸ್ಮಿನ್ ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ನಡೀರಿ, ಮನಿಗೆ."

"ಈಗೇನ್ರಿ? ಮೈತುಂಬ ಧೂಳು!"

"ಧೂಳಿಲ್ಲದ ಅಳಿಯ ಬಳ್ಳಾರ್ಯಾಗ ಎಲ್ಲಿ ಸಿಗ್ತಾನ? ನಡೀರಿ."

ಪಾರ್ವತಿನಗರದ ಮನೆಯ ಬಾಗಿಲು ತೆರೆದ ಕುಬ್ರಾಬಿ ಹೊಸ್ತಿಲಲ್ಲಿ ನಿಂತ ಕೆಂಪು ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರವ್ವ ಇವರು?"

"ಕೈಸರ್, ಅಮ್ಮಾ," ಎಂದಳು ಮಗಳು. "ಊಟ ಆಗಿಲ್ಲ."

ಕುಬ್ರಾಬಿ ಮಗಳ ಮುಖವನ್ನು ಒಂದು ಗಳಿಗೆ ನೋಡಿದಳು. ಮತ್ತೇನೂ ಕೇಳದೆ ಒಳಗೆ ಹೋಗಿ ಎರಡು ತಾಟು ತೊಳೆದಳು.